ಬಿಸಿಲುಕೋಲಿನಲ್ಲಿ ಕಂಡ ಕೆಮ್ಮು

"ಆ... ಆ..."

ಇಲಿಮರಿ ಮಾಸ್ಕನ್ನು ಸರಕ್ಕನೆ ಗಲ್ಲಕ್ಕೆ ಇಳಿಸಿದಳು.

"ಆಕ್ಷೀ!"

ಮತ್ತೆ ಅದನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಏನೂ ಆಗಿಲ್ಲವೆಂಬಂತೆ ನೋಟ್‌ಬುಕ್ಕಿನ ಎಲೆ ಚಿತ್ರಕ್ಕೆ ಹಸಿರು ಬಳಿಯತೊಡಗಿದಳು.

ಇಡೀ ಕ್ಲಾಸು ಅವಳ ಕಡೆ ತಿರುಗಿತು. ಆಮೇಲೆ ಕೊನೆಯ ಬೆಂಚಿನಿಂದ ಒಂದು ದನಿ ಎದ್ದಿತು. ಏನು ನಡೆದರೂ ಮೈಕು ಹಿಡಿದವನ ಹಾಗೆ ವಿವರಿಸುವ ಹುಡುಗ ಅವನು. ಅದಕ್ಕೇ ಎಲ್ಲರೂ ಅವನನ್ನು ಕಾಮೆಂಟರಿ ಎನ್ನುತ್ತಿದ್ದರು.

"ಇಲಿಮರಿ ಬಾಗಿಲು ತೆಗೆದಳು... ಬಾಂಬು ಹೊರಗೆ ಎಸೆದಳು... ಬಾಗಿಲು ಹಾಕಿಕೊಂಡಳು! ಮುಂದಿನ ಬೆಂಚು ಪೂರ್ತಿ ಔಟ್!"

ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಮುಂದಿನ ಬೆಂಚಿನವರು ಮಾತ್ರ ನಗಲಿಲ್ಲ. ಅವರು ಕತ್ತಿನ ಹಿಂಭಾಗ ಒರೆಸಿಕೊಳ್ಳುತ್ತಿದ್ದರು.

ವಿಜ್ಞಾನದ ಮಿಸ್ ಬೋರ್ಡಿನಿಂದ ಈ ಕಡೆ ತಿರುಗಿದರು. ಅವರ ಕಿವಿಯ ಮೇಲೆ ಸೀಮೆಸುಣ್ಣದ ತುಂಡೊಂದು ಸದಾ ಕೂತಿರುತ್ತಿತ್ತು.

"ಮಾಸ್ಕ್ ಯಾಕೆ ಇಳಿಸಿದೆ?"

"ಸೀನು ಬಂತಲ್ಲ ಮಿಸ್."

"ಅದಕ್ಕೆ?"

"ಇಳಿಸದಿದ್ರೆ ಮಾಸ್ಕ್ ಗಲೀಜಾಗಲ್ವಾ?"

ಮತ್ತೆ ನಗು. ಇಲಿಮರಿಗೆ ಕಿವಿ ಬಿಸಿಯಾಯಿತು. ಇದರಲ್ಲಿ ನಗುವಂಥದ್ದೇನಿದೆ?

ಮೂರು ವಾರದಿಂದ ಶಾಲೆಯಲ್ಲಿ ಕೆಮ್ಮು ಬೆಂಚಿನಿಂದ ಬೆಂಚಿಗೆ ಸವಾರಿ ಹೊರಟಿತ್ತು. ಜ್ವರ ಇದ್ದವರು ಮನೆಯಲ್ಲಿರಬೇಕು, ಶೀತ ಕೆಮ್ಮು ಇದ್ದವರು ಮಾಸ್ಕ್ ಹಾಕಿಕೊಂಡು ಬರಬೇಕು ಎಂದು ಹೆಡ್‌ಮಾಸ್ಟರು ನೋಟೀಸು ಅಂಟಿಸಿದ್ದರು. ಇಲಿಮರಿಗೆ ಸೋಮವಾರ ಶೀತ ಶುರುವಾಯಿತು. ಇವತ್ತು ಗುರುವಾರ. ನಾಲ್ಕು ದಿನವೂ ಅವಳು ತಪ್ಪದೆ ಮಾಸ್ಕ್ ಹಾಕಿಕೊಂಡು ಬಂದಿದ್ದಳು. ಇಡೀ ಕ್ಲಾಸಿನಲ್ಲಿ ಅವಳಷ್ಟು ಚೆನ್ನಾಗಿ ಮಾಸ್ಕ್ ಕಟ್ಟಲು ಇನ್ಯಾರಿಗೂ ಬರುತ್ತಿರಲಿಲ್ಲ. ಯಾಕೆಂದರೆ ಅವಳು ಗಿರಣಿ ಮನೆಯವಳು.

"ನಮ್ಮ ಹಿಟ್ಟಿನ ಗಿರಣಿಯಲ್ಲಿ ಎಲ್ಲರೂ ಹೀಗೇ ಮಾಡೋದು ಮಿಸ್," ಎಂದಳು. ಹೇಳುವ ಮೊದಲು ಮಾಸ್ಕ್ ಇಳಿಸಿದಳು. ಹೇಳಿ ಮುಗಿದ ಮೇಲೆ ಏರಿಸಿದಳು.

ಮಿಸ್ ಅದನ್ನು ನೋಡಿದರು. ಬೈಯಲಿಲ್ಲ. "ಗಿರಣಿಯಲ್ಲಿ ಮೂಗಿಗೆ ಬಟ್ಟೆ ಯಾಕೆ ಕಟ್ಟಿಕೊಳ್ತಾರೆ?"

"ಹಿಟ್ಟಿನ ಧೂಳು ಒಳಗೆ ಹೋಗಬಾರದು ಅಂತ."

"ಇಲ್ಲಿ?"

"ಇಲ್ಲೂ ಹಾಗೇ. ಕಾಮೆಂಟರಿಯ ಶೀತ ನನ್ನ ಒಳಗೆ ಬರಬಾರದು ಅಂತ."

"ನನಗೆಲ್ಲಿದೆ ಶೀತ? ಶೀತ ನಿನಗೆ!" ಎಂದು ಕೊನೆಯ ಬೆಂಚು ಕೂಗಿತು.

"ಹೌದಲ್ಲ," ಎಂದರು ಮಿಸ್. "ನಿನ್ನ ಒಳಗೆ ಇರೋದು ಎಲ್ಲಿಗೆ ಹೋಗುತ್ತೆ?"

ಇಲಿಮರಿ ಬಾಯಿ ತೆರೆದಳು. ಅಷ್ಟರಲ್ಲಿ ಬೆಲ್ ಹೊಡೆಯಿತು.

"ಹುಡುಕಿ ಬಂದು ಹೇಳು," ಎಂದರು ಮಿಸ್, ಪುಸ್ತಕ ಎತ್ತಿಕೊಳ್ಳುತ್ತಾ.

*

ಎಲ್ಲಿಗೆ ಹೋಗುತ್ತೆ?

ಮನೆಯ ದಾರಿ ಉದ್ದಕ್ಕೂ ಅದೇ ಪ್ರಶ್ನೆ ಅವಳ ಚೀಲದಲ್ಲಿ ಕಲ್ಲಿನಂತೆ ಗಡಗಡ ಉರುಳುತ್ತಿತ್ತು. ಉಸಿರು ಕಾಣುವುದಿಲ್ಲ. ಕಾಣದ್ದನ್ನು ಹಿಂಬಾಲಿಸಿ ಹೋಗುವುದು ಹೇಗೆ?

ಕಾಮೆಂಟರಿ ತಿರುವಿನವರೆಗೂ ಜೊತೆಗೆ ಬಂದ. "ಬೆಂಕಿಕಡ್ಡಿ ಗೀರಿ ಊದಿ ನೋಡು. ಮಾಸ್ಕ್ ಹಾಕಿ ಒಂದ್ಸಲ, ಹಾಕದೆ ಒಂದ್ಸಲ. ನಮ್ಮಣ್ಣ ಮಾಡಿದ್ದ."

"ಗಿರಣಿಯಲ್ಲಿ ಬೆಂಕಿಕಡ್ಡಿ ಗೀರೋ ಹಾಗಿಲ್ಲ. ಗಾಳೀಲಿರೋ ಹಿಟ್ಟಿಗೆ ಬೆಂಕಿ ತಗುಲಿದ್ರೆ ಚಾವಣಿ ಹಾರಿಹೋಗುತ್ತೆ ಅಂತಾರೆ ನಮ್ಮಜ್ಜ."

"ಹಿಟ್ಟಿಗೆ ಬೆಂಕೀನಾ? ಬಿಡೇ ಸಾಕು, ಬುರುಡೆ!"

"ಅಜ್ಜನ್ನೇ ಕೇಳು ಬೇಕಾದ್ರೆ."

ಅಜ್ಜನನ್ನು ಕೇಳಲು ಈಗ ಯಾರನ್ನೂ ಬಿಡುತ್ತಿರಲಿಲ್ಲ. ಐವತ್ತು ವರ್ಷ ಹಿಟ್ಟಿನ ನಡುವೆ ಉಸಿರಾಡಿದ ಎದೆ ಅವರದು. ಎರಡು ತಿಂಗಳ ಹಿಂದೆ ಒಂದು ಸಣ್ಣ ನೆಗಡಿ ಬಂದದ್ದು ಎದೆಗಿಳಿದು, ಒಂಬತ್ತು ದಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಅಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, "ಇನ್ನೊಂದು ಸಲ ಹೀಗಾದರೆ ಈ ಎದೆ ತಡೆಯೋದು ಕಷ್ಟ." ಪಕ್ಕಕ್ಕೆ ಕರೆದು ಹೇಳಿದ್ದು ಇಲಿಮರಿಗೆ ಯಾವಾಗಲೂ ಹೆಚ್ಚು ಚೆನ್ನಾಗಿ ಕೇಳಿಸುತ್ತಿತ್ತು.

ಮಲಗಿದ್ದರೂ ಗಿರಣಿ ನಡೆಸುತ್ತಿದ್ದವರು ಅಜ್ಜನೇ. ದಿನಾ ಸಂಜೆ ಇಲಿಮರಿ ಆ ದಿನದ ಹಿಟ್ಟನ್ನು ಒಂದು ತಟ್ಟೆಯಲ್ಲಿ ಹಾಕಿ ಒಯ್ಯಬೇಕು. ಅಜ್ಜ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಕಣ್ಣು ಮುಚ್ಚಿ, "ಇನ್ನೂ ಒಂದು ಕೂದಲಷ್ಟು ತರಿ ಇದೆ. ಕಲ್ಲು ಸ್ವಲ್ಪ ಬಿಗಿ ಮಾಡೋಕೆ ಹೇಳು ನಿಮ್ಮಮ್ಮನಿಗೆ," ಎನ್ನುತ್ತಾರೆ. ಆಮೇಲೆ ಅದೇ ಚಿಟಿಕೆಯನ್ನು ಅವಳ ಬೆರಳಿಗೆ ದಾಟಿಸುತ್ತಾರೆ. "ನೋಡು. ತಿಳಿಯಿತಾ?" ಮೊದಮೊದಲು ತಿಳಿಯುತ್ತಿರಲಿಲ್ಲ. ಈಗ ಅರ್ಧಂಬರ್ಧ ತಿಳಿಯುತ್ತಿತ್ತು. ಇಡೀ ದಿನದಲ್ಲಿ ಇಲಿಮರಿಗೆ ಅತಿ ಇಷ್ಟವಾದ ಹೊತ್ತು ಅದು. ಅವಳಿಗೆ ಇಲಿಮರಿ ಎಂದು ಹೆಸರಿಟ್ಟದ್ದೂ ಅಜ್ಜನೇ. ಗಿರಣಿಯಲ್ಲಿ ಹುಟ್ಟಿ, ಹಿಟ್ಟಿನ ಚೀಲಗಳ ಸಂದಿಯಲ್ಲಿ ಬೆಳೆದವಳಿಗೆ ಇನ್ನೇನು ಹೆಸರಿಡಲಿ ಎನ್ನುತ್ತಿದ್ದರು.

ಶೀತ ಬಂದ ಸೋಮವಾರ ಅಮ್ಮ, "ಅಜ್ಜನ ರೂಮಿಗೆ ಹೋಗಬೇಡ," ಎಂದಿದ್ದಳು. ಇಲಿಮರಿ ಗೋಗರೆದಿದ್ದಳು. ಕೊನೆಗೆ ಅಮ್ಮ, "ಮಾಸ್ಕ್ ಹಾಕ್ಕೊಂಡು ಹೋಗು. ಐದೇ ನಿಮಿಷ," ಎಂದು ಒಪ್ಪಿದ್ದಳು.

ಅಮ್ಮ ಹೆಚ್ಚು ಮಾತಾಡುವವಳಲ್ಲ. ಅಪ್ಪ ತೀರಿಹೋಗಿ ಎರಡು ವರ್ಷ. ಅಂದಿನಿಂದ ಅವಳ ಮಾತು ಇನ್ನೂ ಸಣ್ಣಗಾಗಿತ್ತು. ಹೌದು, ಇಲ್ಲ, ಊಟ ಮಾಡು, ಐದೇ ನಿಮಿಷ. ಅಷ್ಟೆ.

*

ಗಿರಣಿಯ ಸದ್ದು ಬೀದಿಯ ಕೊನೆಗೇ ಕೇಳುತ್ತಿತ್ತು. ಒಳಗೆ ಬೆಲ್ಟು ಪಟಪಟ ಬಡಿಯುತ್ತಿತ್ತು. ಕಲ್ಲು ಗುಡುಗುಡು ತಿರುಗುತ್ತಿತ್ತು. ಕಲ್ಲಿನ ಕೆಳಗೆ ಕಟ್ಟಿದ ಬಟ್ಟೆಯ ತೋಳಿನಿಂದ ಹಿಟ್ಟು ಬೆಚ್ಚಗೆ ಇಳಿಯುತ್ತಿತ್ತು. ಅಮ್ಮ ಮೂಗಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಕಾಳು ಸುರಿಯುವ ಡಬ್ಬದ ಪಕ್ಕ ನಿಂತಿದ್ದಳು. ಬೇಕರಿ ಮಾವ ಬಾಗಿಲಲ್ಲಿ ನಿಂತು ಏನೋ ಕೇಳಿದರು.

ಅಮ್ಮ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿ, "ನಾಳೆ ಬೆಳಿಗ್ಗೆ!" ಎಂದು ಕೂಗಿದಳು. ಮತ್ತೆ ಏರಿಸಿಕೊಂಡಳು.

ಇಳಿಸು, ಕೂಗು, ಏರಿಸು. ಇಲಿಮರಿ ಇದನ್ನು ಸಾವಿರ ಸಲ ನೋಡಿದ್ದಳು. ಇವತ್ತು ಮೊದಲ ಸಲ ನೋಡಿದಂತೆ ನೋಡಿದಳು.

ಐದು ಗಂಟೆಗೆ ಅಮ್ಮ ಮೋಟರು ಆರಿಸಿದಳು. ಚೀಲಗಳ ಬಾಯಿ ಕಟ್ಟಿ, ಮುಂದಿನ ಕೋಣೆಗೆ ಎಳೆದುಕೊಂಡು ಹೋದಳು. ಒಳಗೆ ಇಲಿಮರಿ ಒಬ್ಬಳೇ. ಎದುರು ಗೋಡೆಗೆ ಎರಡನೇ ಗಿರಣಿ ತಾಡಪಾಲು ಹೊದ್ದು ನಿಂತಿತ್ತು. ಅದು ಅಪ್ಪನ ಗಿರಣಿ. ಎರಡು ವರ್ಷದಿಂದ ಅದು ತಿರುಗಿರಲಿಲ್ಲ.

ಗಿರಣಿ ನಿಂತ ಮೇಲೂ ಹಿಟ್ಟಿನ ಧೂಳು ಕಾಲು ಗಂಟೆ ಗಾಳಿಯಲ್ಲೇ ಇರುತ್ತದೆ. ಆ ಹೊತ್ತಿಗೆ ಸಣ್ಣ ಕಿಟಕಿಯಿಂದ ಬಿಸಿಲುಕೋಲೊಂದು ಓರೆಯಾಗಿ ಇಳಿದು, ಅಪ್ಪನ ಗಿರಣಿಯ ಕಾಲಿಗೆ ತಾಗುತ್ತದೆ. ಕೋಲಿನೊಳಗೆ ಕೋಟಿ ಕೋಟಿ ಕಣಗಳು, ಅವಸರವೇ ಇಲ್ಲದೆ ತೇಲುತ್ತಿರುತ್ತವೆ.

ಇಲಿಮರಿ ನಿಂತಲ್ಲೇ ನಿಂತಳು. ಉಸಿರು ಕಾಣುವುದಿಲ್ಲ, ನಿಜ. ಆದರೆ ಹಿಟ್ಟು ಕಾಣುತ್ತದೆ!

ಮಾಸ್ಕ್ ತೆಗೆದು ಜೇಬಿಗೆ ಹಾಕಿದಳು. ಬಿಸಿಲುಕೋಲಿನ ಅಂಚಿಗೆ ಮುಖ ಒಡ್ಡಿ ಒಂದು ಸಲ ಕೆಮ್ಮಿದಳು.

ಅಬ್ಬಾ! ಸುಮ್ಮನೆ ತೇಲುತ್ತಿದ್ದ ಕಣಗಳು ದಡಬಡಿಸಿ ಓಡಿದವು. ಗಾಳಿಯಲ್ಲಿ ಒಂದು ಸುರಂಗ ತೆರೆದುಕೊಂಡಿತು. ಸುರಳಿ ಸುರಳಿಯಾಗಿ ಉರುಳುತ್ತಾ ಉರುಳುತ್ತಾ ಅದು ಅಪ್ಪನ ಗಿರಣಿಯ ತಾಡಪಾಲಿನವರೆಗೂ ಹೋಯಿತು. ಇಲಿಮರಿ ತೋಳು ಚಾಚಿ ಅಳೆದಳು. ಒಂದು ಮಾರು. ಬರೀ ಒಂದು ಕೆಮ್ಮು!

ಈಗ ಮಾಸ್ಕ್ ಹಾಕಿಕೊಂಡು ಕೆಮ್ಮಿದಳು. ಕಣಗಳು ಒಂದಿಷ್ಟು ಮಿಸುಕಾಡಿದವು, ಅಷ್ಟೆ. ಮೂಗಿನ ಪಕ್ಕದಿಂದ ಮಾತ್ರ ಸಣ್ಣದೊಂದು ಸುರಳಿ ಮೇಲಕ್ಕೆ ಹಾರಿತು. ಓಹೋ, ಇಲ್ಲಿ ಸಂದಿ ಇದೆ! ಮಾಸ್ಕಿನ ತಂತಿಯನ್ನು ಮೂಗಿಗೆ ಒತ್ತಿ ಮತ್ತೆ ಕೆಮ್ಮಿದಳು. ಸುರಳಿ ಇನ್ನೂ ಸಣ್ಣದಾಯಿತು.

ಅವಳಿಗೆ ಖುಷಿ ತಡೆಯಲಾಗಲಿಲ್ಲ. ನಾಳೆ ಮಿಸ್‌ಗೆ ಹೇಳಬೇಕು. ಅದಕ್ಕಿಂತ ಮೊದಲು ಅಜ್ಜನಿಗೆ ಹೇಳಬೇಕು. ಹೇಗೆ ಹೇಳುವುದೆಂದು ಅಲ್ಲೇ ಒಂದು ಸಲ ಹೇಳಿ ನೋಡಿಕೊಂಡಳು. ಮಾಮೂಲಿಯಂತೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿ,

"ಅಜ್ಜಾ, ಇವತ್ತೊಂದು ಕಂಡುಹಿಡಿದೆ!" ಎಂದಳು.

ಕಣಗಳು ಓಡಿದವು. 'ಅಜ್ಜಾ' ಎಂದದ್ದಕ್ಕೆ ಒಂದು ಸುರಳಿ. 'ಕಂಡುಹಿಡಿದೆ' ಎಂದದ್ದಕ್ಕೆ ಮೂರು.

ಇಲಿಮರಿಯ ಕೈ ಗಲ್ಲದ ಹತ್ತಿರವೇ ನಿಂತುಬಿಟ್ಟಿತು.

ಸೋಮವಾರ, ಮಂಗಳವಾರ, ಬುಧವಾರ. ಅಜ್ಜನ ಮಂಚದ ಪಕ್ಕದ ಕುರ್ಚಿ. ಮಂಚಕ್ಕೂ ಕುರ್ಚಿಗೂ ಒಂದು ತೋಳಿನಷ್ಟೂ ದೂರವಿಲ್ಲ. ಗಿರಣಿಯ ಸದ್ದಿಗೆ ಅಜ್ಜನ ಕಿವಿ ಎಂದೋ ಮಂದವಾಗಿತ್ತು. "ಅದನ್ನ ಇಳಿಸಿ ಗಟ್ಟಿಯಾಗಿ ಹೇಳೇ," ಎನ್ನುತ್ತಿದ್ದರು. ಅವಳು ಇಳಿಸುತ್ತಿದ್ದಳು. ಹೇಳುತ್ತಿದ್ದಳು. ಏರಿಸುತ್ತಿದ್ದಳು. ಎರಡು ಸಲ ಕೆಮ್ಮು ಬಂದಿತ್ತು. ಆಗಲೂ ಮಾಸ್ಕ್ ಗಲೀಜಾಗಬಾರದೆಂದು...

ಹಿಟ್ಟಾದರೆ ಕಾಣುತ್ತದೆ. ಅವಳ ಶೀತ ಯಾರಿಗೆ ಕಂಡೀತು?

*

"ಇಲಿಮರೀ! ಹಿಟ್ಟೆಲ್ಲೇ?" ಒಳಗಿನ ರೂಮಿನಿಂದ ಅಜ್ಜ ಕೋಲಿನಿಂದ ನೆಲ ಕುಟ್ಟಿದರು.

ಇಲಿಮರಿ ಹೋಗಲಿಲ್ಲ. ಅಮ್ಮ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಹೋಗಿ ದೂರ ನಿಂತು ಹೇಳಿದಳು. ಈ ಸಲ ಮಾಸ್ಕ್ ಇಳಿಸಲಿಲ್ಲ.

"ಅಮ್ಮ, ಅಜ್ಜನ ರೂಮಲ್ಲಿ ನಾನು ಮಾಸ್ಕ್ ಇಳಿಸ್ತಿದ್ದೆ."

"ಯಾವಾಗ?"

"ಮಾತಾಡೋವಾಗ."

"ಎಷ್ಟು ಸಲ?"

"ಮಾತಾಡಿದಷ್ಟೂ ಸಲ."

ಅವಳು ಎಷ್ಟು ಮಾತಾಡುತ್ತಾಳೆಂದು ಅಮ್ಮನಿಗೆ ಗೊತ್ತಿತ್ತು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಅಮ್ಮ ಅದನ್ನು ನಿಲ್ಲಿಸುವುದನ್ನೇ ಮರೆತಿದ್ದಳು.

"ಕೆಮ್ಮೋವಾಗಲೂ," ಎಂದಳು ಇಲಿಮರಿ. ಎಲ್ಲವನ್ನೂ ಹೇಳಿಬಿಡಬೇಕಿತ್ತು. "ಬೈತೀಯಾ?"

ಅಮ್ಮ ತನ್ನ ಗಲ್ಲದ ಕೆಳಗೆ ನೇತಾಡುತ್ತಿದ್ದ ಬಿಳಿ ಬಟ್ಟೆಯನ್ನು ಒದ್ದೆ ಕೈಯಲ್ಲಿ ಮುಟ್ಟಿ ನೋಡಿಕೊಂಡಳು.

"ಯಾರನ್ನ ನೋಡಿ ಕಲಿತೆ ಅಂತ ಗೊತ್ತು," ಎಂದಳು. ನಲ್ಲಿ ನಿಲ್ಲಿಸಿ, ಡಾಕ್ಟರಮ್ಮನಿಗೆ ಫೋನ್ ಮಾಡಲು ಹೋದಳು.

ಡಾಕ್ಟರಮ್ಮ ಹೇಳಿದ್ದು ಇಷ್ಟು. ರೂಮಿನ ಎರಡೂ ಕಿಟಕಿ ತೆರೆದಿಡಿ. ಹುಡುಗಿ ಹೊಸ್ತಿಲು ದಾಟಬಾರದು. ಹೊತ್ತು ಹೊತ್ತಿಗೆ ಜ್ವರ ನೋಡಿ. ಉಸಿರು ಕಷ್ಟವಾದರೆ ಒಂದು ನಿಮಿಷವೂ ಕಾಯಬೇಡಿ. ಅಂಟಿದೆಯೋ ಇಲ್ಲವೋ ಐದಾರು ದಿನದಲ್ಲಿ ಗೊತ್ತಾಗುತ್ತೆ.

ಐದಾರು ದಿನ! ಇಲಿಮರಿ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದಳು. ಮಂಗಳವಾರದವರೆಗೆ.

*

ಶನಿವಾರ ಬೆಳಿಗ್ಗೆ ಅಜ್ಜ ಕೆಮ್ಮಿದರು.

ಇಲಿಮರಿ ಬಾಗಿಲವರೆಗೆ ಓಡಿ ಹೊಸ್ತಿಲಲ್ಲೇ ನಿಂತಳು. ಅದು ಹಳೇ ಕೆಮ್ಮೋ ಹೊಸ ಕೆಮ್ಮೋ? ಅಜ್ಜನಿಗೆ ಹೇಗೂ ದಿನಾ ಬೆಳಿಗ್ಗೆ ಕೆಮ್ಮು ಬರುತ್ತಿತ್ತು. ಇಷ್ಟು ದಿನ ಅದನ್ನು ಯಾರು ಲಕ್ಷ್ಯಕೊಟ್ಟು ಕೇಳಿದ್ದರು? ಈಗ ಅವಳು ಬಾಗಿಲ ಹೊರಗೆ ಚಾಪೆ ಹಾಕಿ ಕೂತು, ಪ್ರತಿ ಕೆಮ್ಮನ್ನೂ ಕಿವಿಗೊಟ್ಟು ಕೇಳಿದಳು. ಇದು ಒಣ ಕೆಮ್ಮು. ಇದು ಗಂಟಲು ಸರಿ ಮಾಡಿಕೊಂಡದ್ದು. ಇದು ಬರೀ ಆಕಳಿಕೆ.

ಅಮ್ಮ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ಥರ್ಮಾಮೀಟರು ಇಟ್ಟು ನೋಡಿದಳು. ಹೊರಗೆ ಬಂದು ಬರೀ ತಲೆಯಾಡಿಸಿದಳು. ಜ್ವರ ಇರಲಿಲ್ಲ.

ಅಜ್ಜನಿಗೆ ಮಾತ್ರ ಸಿಟ್ಟು ಬಂದಿತ್ತು. "ಏನೇ ಇದು, ನನ್ನನ್ನ ಬೋನಿಗೆ ಹಾಕಿದ್ದೀರಾ? ಮೂರು ದಿನ ಆಯ್ತು ಹಿಟ್ಟು ಮುಟ್ಟಿ!"

"ಅಜ್ಜಾ, ತಟ್ಟೆ ಅಮ್ಮನ ಕೈಲಿ ಕಳಿಸ್ತೀನಿ!" ಎಂದು ಇಲಿಮರಿ ಹೊಸ್ತಿಲಾಚೆಯಿಂದ ಕೂಗಿದಳು.

"ಹಾಂ?"

"ತಟ್ಟೆ! ಅಮ್ಮನ ಕೈಲಿ!"

"ಹಾಂ? ಅದನ್ನ ಇಳಿಸಿ ಹೇಳೇ!"

ಕೈ ತಾನಾಗಿ ಗಲ್ಲದ ಕಡೆ ಹೋಯಿತು. ಇಲಿಮರಿ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಬೆನ್ನ ಹಿಂದೆ ಕಟ್ಟಿಕೊಂಡಳು. ಇಲ್ಲ ಎಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು.

ಅಜ್ಜ ಅವಳನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಗೆ ಒರಗಿ ಕೂತು ಬಲಗೈ ಎತ್ತಿದರು. ಹೆಬ್ಬೆರಳನ್ನು ಎರಡು ಬೆರಳ ಮೇಲೆ ತಿಕ್ಕಿದರು. ಆಮೇಲೆ ಅಂಗೈ ಮೇಲೆ ಮಾಡಿ, ತಮ್ಮ ಕಡೆಗೆ ಎರಡು ಸಲ ಬೀಸಿದರು.

ಇಲಿಮರಿ ಕಣ್ಣೊರೆಸಿಕೊಂಡಳು. ಇದೇನಿದು?

ಅವಳ ಹಿಂದಿನಿಂದ ಇನ್ನೊಂದು ಕೈ ಎದ್ದಿತು. ನೀರಿನ ಜಗ್ಗು ಹಿಡಿದು ಬಂದಿದ್ದ ಅಮ್ಮ, ಇನ್ನೊಂದು ಕೈಯ ತೋರುಬೆರಳನ್ನು ಮಡಚಿ, ಮಣಿಕಟ್ಟಿನ ಮೇಲೆ ಒಂದು ಸಲ ತಟ್ಟಿದಳು. ಅಜ್ಜ ಸರಿ ಎಂಬಂತೆ ಮುಷ್ಟಿ ಕಟ್ಟಿ ಮೊಣಕಾಲಿಗೆ ಗುದ್ದಿಕೊಂಡರು.

"ಅಮ್ಮ! ಏನಂದ್ರು? ನೀನೇನಂದೆ?"

"ಹಿಟ್ಟು ತಾ ಅಂದ್ರು. ಸ್ವಲ್ಪ ಹೊತ್ತಾಗುತ್ತೆ ಅಂದೆ."

"ನಿಂಗೂ ಬರುತ್ತಾ?"

"ಬರ್ತಿತ್ತು."

ಅಮ್ಮ ಜಗ್ಗನ್ನು ಕೆಳಗಿಟ್ಟಳು. ಇಲಿಮರಿ ಬಿಡುವವಳಲ್ಲ. ಕೇಳಿ ಕೇಳಿ, ತುಂಡು ತುಂಡಾಗಿ ವಿಷಯ ಹೊರಗೆ ಬಂತು. ಎರಡೂ ಗಿರಣಿ ಒಟ್ಟಿಗೆ ತಿರುಗುತ್ತಿದ್ದ ಕಾಲದಲ್ಲಿ ಒಳಗೆ ಕೂಗಿದರೂ ಕೇಳುತ್ತಿರಲಿಲ್ಲ. ಬಟ್ಟೆ ಇಳಿಸಿದರೆ ಬಾಯಿ ತುಂಬಾ ಹಿಟ್ಟು. ಅದಕ್ಕೇ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಅಜ್ಜ, ಅಪ್ಪ, ಅಮ್ಮ. ಬೆಲ್ಟು ತಿರುಗುವಾಗ ಹತ್ತು ವರ್ಷದ ಒಳಗಿನವರು ಗಿರಣಿಯ ಹೊಸ್ತಿಲು ದಾಟಬಾರದೆಂಬುದು ಅಜ್ಜನ ಕಟ್ಟಪ್ಪಣೆ. ಇಲಿಮರಿಗೆ ಹತ್ತು ತುಂಬಿದ್ದು ಈ ವರ್ಷ. ಅವಳು ಒಳಗೆ ಬರುವ ಹೊತ್ತಿಗೆ ಕೈಮಾತು ನಿಂತುಹೋಗಿತ್ತು.

"ಯಾಕೆ ನಿಲ್ಲಿಸಿದ್ರಿ?"

"ಗಿರಾಕಿಗಳಿಗೆ ಬರಲ್ಲ," ಎಂದಳು ಅಮ್ಮ. ಜಗ್ಗನ್ನು ಗೋಡೆಯ ಪಕ್ಕಕ್ಕೆ ಸರಿಸಿ, "ಒಬ್ಬಳೇ ಯಾರ ಜೊತೆ ಆಡಲಿ?" ಎಂದಳು.

ಆಮೇಲೆ ಹಿಟ್ಟು ತರಲು ಹೋದಳು.

*

ಹಾಗೆ ಶುರುವಾಯಿತು ಹೊಸ್ತಿಲ ಪಾಠ. ಮಂಚದ ಮೇಲೆ ಅಜ್ಜ, ಚಾಪೆಯ ಮೇಲೆ ಇಲಿಮರಿ. ನಡುವೆ ಎರಡು ಮಾರು ಗಾಳಿ.

ಬೆರಳು ತಿಕ್ಕಿ ಉಗುರು ತೋರಿಸಿದರೆ ತರಿ ಇದೆ ಎಂದು. ಮುಷ್ಟಿ ಎಡಕ್ಕೆ ತಿರುಗಿಸಿದರೆ ಕಲ್ಲು ಬಿಗಿ ಮಾಡು. ಹಿಂಗೈ ಕೆನ್ನೆಗೆ ತಾಗಿಸಿದರೆ ಹಿಟ್ಟು ಬಿಸಿಯಾಗುತ್ತಿದೆ, ಹುಷಾರು. ಮುಖದಲ್ಲಿ ಏನೂ ಹೇಳುವ ಹಾಗಿಲ್ಲ. ಮೂಗು ಬಾಯಿ ಬಟ್ಟೆಯ ಒಳಗಲ್ಲವೆ! ಎಲ್ಲಾ ಕೈಯೇ ಹೇಳಬೇಕು. ಬೇಕರಿ ಮಾವ ಬಂದರೆ ಎರಡೂ ತೋಳಿನಿಂದ ದೊಡ್ಡ ಹೊಟ್ಟೆಯೊಂದನ್ನು ತಬ್ಬಿಕೊಳ್ಳಬೇಕು.

"ಅವರ ಎದುರಿಗೇನಾ?" ಎಂದು ಇಲಿಮರಿ ಕೈಯಲ್ಲೇ ಕೇಳಲು ಹೊರಟು, ಹೇಗೆಂದು ತಿಳಿಯದೆ ತಡಕಾಡಿದಳು. ಅಜ್ಜನಿಗೆ ಅದೂ ತಿಳಿಯಿತು. ಭುಜ ಕುಲುಕಿಸಿ ನಕ್ಕರು.

ಹೋಮ್‌ವರ್ಕಿಗೆ ಸನ್ನೆ ಇರಲಿಲ್ಲ. ಇಬ್ಬರೂ ಸೇರಿ ಮಾಡಿದರು. ತಲೆಯ ಮೇಲೆ ಚೀಲ ಹೊತ್ತಂತೆ ಕುತ್ತಿಗೆ ಕುಗ್ಗಿಸುವುದು. ಕಾಮೆಂಟರಿಗೆ, ಕೊಕ್ಕಿನ ಹಾಗೆ ಬೆರಳುಗಳನ್ನು ಬಿಡದೆ ತೆರೆದು ಮುಚ್ಚುವುದು.

ಭಾನುವಾರ ಜ್ವರವಿಲ್ಲ. ಸೋಮವಾರವೂ ಇಲ್ಲ. ಇಲಿಮರಿಯ ಶೀತವೇ ಕಡಿಮೆಯಾಯಿತು. ಆದರೂ ಅವಳು ಹೊಸ್ತಿಲು ದಾಟಲಿಲ್ಲ.

ಮಂಗಳವಾರ ಸಂಜೆ ಡಾಕ್ಟರಮ್ಮ ಬಂದರು. ಅಜ್ಜನ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು, "ಉಸಿರು ಎಳಕೊಳ್ಳಿ... ಬಿಡಿ... ಇನ್ನೊಂದ್ಸಲ," ಎಂದರು. ಇಲಿಮರಿಯೂ ಹೊರಗೆ ಉಸಿರು ಎಳೆದುಕೊಂಡಳು. ಬಿಡಲು ಮರೆತಳು.

"ಹಳೇ ಸದ್ದು ಮಾತ್ರ ಇದೆ," ಎಂದರು ಡಾಕ್ಟರಮ್ಮ. "ಹೊಸದೇನಿಲ್ಲ. ಈ ಸಲ ತಪ್ಪಿತು."

"ಮಾಸ್ಕ್ ಹಾಕಿದ್ದಕ್ಕಾ?" ಇಲಿಮರಿ ಕೇಳಿದಳು.

"ಇಳಿಸ್ತಿದ್ದೆಯಲ್ಲ?" ಡಾಕ್ಟರಮ್ಮ ಅವಳನ್ನು ನೋಡಿ ನಿಜವನ್ನೇ ಹೇಳಿದರು. "ಹಾಕಿಕೊಂಡಿದ್ದಷ್ಟು ಹೊತ್ತು ಅದು ಕೆಲಸ ಮಾಡಿರಬಹುದು. ಕಿಟಕಿ ಸ್ವಲ್ಪ ಮಾಡಿರಬಹುದು. ಉಳಿದದ್ದು ಅದೃಷ್ಟ. ಯಾವುದು ಎಷ್ಟು ಅಂತ ನನಗೂ ಗೊತ್ತಿಲ್ಲ ಮರಿ."

ಅಮ್ಮ ಅವರನ್ನು ಬಾಗಿಲವರೆಗೆ ಬಿಡಲು ಹೋದಳು. ಇಲಿಮರಿ ಚಾಪೆ ಸುತ್ತಿದಳು. ಸುತ್ತಿ ಮತ್ತೆ ಬಿಚ್ಚಿದಳು. ಅದರ ಮೇಲೆ ಮಲಗಿ, ಚಾವಣಿಯನ್ನು ನೋಡುತ್ತಾ, ಉಸಿರು ಎಳೆದುಕೊಂಡಳು, ಬಿಟ್ಟಳು, ಇನ್ನೊಂದು ಸಲ ಎಳೆದುಕೊಂಡಳು.

*

ಬುಧವಾರ ಶಾಲೆಯಲ್ಲಿ ಅವಳು ಉತ್ತರವನ್ನು ಬಾಯಲ್ಲಿ ಹೇಳಲಿಲ್ಲ. "ಡಸ್ಟರ್ ಕೊಡಿ ಮಿಸ್," ಎಂದು ಕೇಳಿ, ಕಿಟಕಿಯಿಂದ ಬಿಸಿಲು ಬೀಳುವಲ್ಲಿ ನಿಂತು ಗೋಡೆಗೆ ಎರಡು ಸಲ ಬಡಿದಳು. ಸೀಮೆಸುಣ್ಣದ ಧೂಳು ಬಿಸಿಲಿನಲ್ಲಿ ಹರಡಿಕೊಂಡಿತು.

"ಕಾಮೆಂಟರಿ, ಇಲ್ಲಿ ನಿಂತು ಶುರುಮಾಡು."

ಅವನು ಕಾಯುತ್ತಲೇ ಇದ್ದ. "ಇಲಿಮರಿ ಡಸ್ಟರ್ ಹಿಡಿದಿದ್ದಾಳೆ! ಮಿಸ್ ಕನ್ನಡಕ ಸರಿ ಮಾಡ್ಕೊಂಡ್ರು! ಇಡೀ ಕ್ಲಾಸು ತುದಿಗಾಲಲ್ಲಿ..."

ಅವನ ಕಣ್ಣು ಧೂಳಿನ ಮೇಲೆ ಬಿತ್ತು. ಅವನ ಒಂದೊಂದು ಮಾತಿಗೂ ಒಂದೊಂದು ಸುರಳಿ ಹೊರಟು ಮುಂದಿನ ಬೆಂಚಿನತ್ತ ಉರುಳುತ್ತಿತ್ತು. ಮೊದಲ ಸಲ ಕಾಮೆಂಟರಿ ತಾನಾಗಿ ನಿಂತಿತು. ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮೆಲ್ಲಗೆ, "ಇದೆಲ್ಲಾ ನಂದೇನಾ?" ಎಂದ.

ಮಿಸ್ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಅವಳ ಕೈಗೆ ಕೊಟ್ಟರು. ಅದನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ.

ಸಂಜೆ ಇಲಿಮರಿ ಅದನ್ನು ಅಜ್ಜನಿಗೆ ತೋರಿಸಬೇಕೆಂದು ಓಡೋಡಿ ಬಂದಳು. ಗಿರಣಿ ತಿರುಗುತ್ತಿತ್ತು. ಹೊಸ್ತಿಲಲ್ಲಿ ನಿಂತು ಗೂಟದಿಂದ ಬಟ್ಟೆ ತೆಗೆದು ಮೂಗಿಗೆ ಕಟ್ಟಿಕೊಂಡಳು. ಅಮ್ಮ ತಲೆಯೆತ್ತಿ ನೋಡಿದಳು. ಏನೋ ಹೇಳಲು ಅವಳ ಕೈ ಗಲ್ಲದ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು.

ಆಮೇಲೆ ಆ ಕೈ ಬೇರೊಂದು ಮಾಡಿತು. ಎರಡು ಬೆರಳನ್ನು ಮೂಗಿನ ಮೇಲಿನ ಬಟ್ಟೆಗೆ ತಾಗಿಸಿ, ಆಚೆಗೆ ಒಂದು ಸಲ, ಮತ್ತೊಂದು ಸಲ ಸವರಿತು. ಅದನ್ನು ಮಾಡುವಾಗ ಅಮ್ಮ ಇಲಿಮರಿಯನ್ನು ನೋಡುತ್ತಿರಲಿಲ್ಲ. ಎದುರು ಗೋಡೆಯ ಕಡೆ ನೋಡುತ್ತಿದ್ದಳು.

ಅಜ್ಜ ಆ ಸನ್ನೆ ಕಲಿಸಿರಲಿಲ್ಲ. ಇಲಿಮರಿ ನೇರ ಅವರ ರೂಮಿಗೆ ಹೋದಳು. ಮಂಚದಿಂದ ದೂರ ಕಿಟಕಿಯ ಹತ್ತಿರ ನಿಂತು, ಎರಡು ಬೆರಳಿಂದ ಹಾಗೇ ಮಾಡಿ ತೋರಿಸಿ, ಏನು ಎಂದು ಕೈ ತಿರುಗಿಸಿದಳು.

"ಯಾರು ಮಾಡಿದ್ರು ಅದನ್ನ?" ಎಂದರು ಅಜ್ಜ.

ಅವಳು ಗಿರಣಿಯ ಕಡೆ ತೋರಿಸಿದಳು.

ಅಜ್ಜ ತಮ್ಮ ಮೂಗಿನ ಪಕ್ಕಕ್ಕೆ ಎರಡು ಬೆರಳು ಸವರಿಕೊಂಡರು. "ಮೀಸೆ ಕಣೇ ಅದು. ಇಲಿಯ ಮೀಸೆ. ನಿಮ್ಮಪ್ಪ ಮಾಡಿದ ಸನ್ನೆ. ಸಂಜೆ ನೀನು ಸ್ಕೂಲಿಂದ ಬಂದು ಹೊಸ್ತಿಲಲ್ಲಿ ನಿಂತರೆ, ಯಾರು ಮೊದಲು ನೋಡ್ತಾರೋ ಅವರು ಇನ್ನೊಬ್ಬರಿಗೆ ಹೇಳಬೇಕು. ಇಲಿಮರಿ ಬಂತು ಅಂತ. ಅವನು ಅಲ್ಲಿಂದ, ಇವಳು ಇಲ್ಲಿಂದ."

"ಇನ್ನೊಬ್ಬರು ಏನಂತಿದ್ರು?" ಇಲಿಮರಿ ಬಟ್ಟೆ ಇಳಿಸದೆ ಗಟ್ಟಿಯಾಗಿ ಕೇಳಿದಳು. ಹೇಗೋ ಅಜ್ಜನಿಗೆ ಕೇಳಿಸಿತು.

ಅಜ್ಜ ಬಲಗೈಯನ್ನು ಎದೆಯ ಮೇಲೆ ಇಟ್ಟು ಒಂದು ಸಲ ಮೆಲ್ಲಗೆ ತಟ್ಟಿದರು. "ಕಂಡೆ ಅಂತ."

ಇಲಿಮರಿ ಗಿರಣಿಗೆ ವಾಪಸು ಬಂದಳು. ಬೆಲ್ಟಿನಿಂದ ದೂರ, ಗೋಡೆಯ ಅಂಚಿನಲ್ಲೇ ನಡೆದು, ತಾಡಪಾಲು ಹೊದ್ದ ಗಿರಣಿಯ ಮುಂದೆ ಹೋಗಿ ನಿಂತಳು. ಬಿಸಿಲುಕೋಲು ಅವಳ ಪಾದದ ಹತ್ತಿರ ಬಿದ್ದಿತ್ತು. ಎದುರಿಗೆ ಅಮ್ಮ.

ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅಮ್ಮ ತಲೆಯೆತ್ತುವವರೆಗೆ ಇಲಿಮರಿ ಕಾದಳು. ಆಮೇಲೆ ಬಲಗೈಯನ್ನು ಎದೆಯ ಮೇಲಿಟ್ಟು ಒಂದು ಸಲ ಮೆಲ್ಲಗೆ ತಟ್ಟಿದಳು.

ಅಮ್ಮ ಹಾಗೇ ನಿಂತಳು. ಡಬ್ಬದಲ್ಲಿ ಕಾಳು ಇಳಿಯುತ್ತಾ ಇಳಿಯುತ್ತಾ ಮುಗಿಯತೊಡಗಿತು. ಕಾಳು ಮುಗಿದು ಕಲ್ಲು ಬರಿದಾಗಿ ತಿರುಗಬಾರದು. ಇಲಿಮರಿಗೆ ಅದು ಗೊತ್ತಿತ್ತು. ಅಂಗೈ ಬೋಗುಣಿಯಂತೆ ಮಾಡಿ ಡಬ್ಬದ ಕಡೆ ತೋರಿಸಿದಳು. ಕಾಳು!

ಅಮ್ಮ ಗಡಬಡಿಸಿ ಬುಟ್ಟಿ ಎತ್ತಿ ಸುರಿದಳು. ಆಮೇಲೆ ಬಟ್ಟೆಯ ಮೇಲಿನ ಅವಳ ಕಣ್ಣು ಸಣ್ಣದಾಯಿತು. ಭುಜ ಕುಲುಕಿತು. ಅಮ್ಮ ಹೀಗೆ ನಗುತ್ತಾಳೆಂದು ಇಲಿಮರಿಗೆ ಮರೆತೇ ಹೋಗಿತ್ತು.

ಅಮ್ಮ ಹೆಬ್ಬೆರಳನ್ನು ಎರಡು ಬೆರಳ ಮೇಲೆ ತಿಕ್ಕಿದಳು. ಅಂಗೈ ಮೇಲೆ ಮಾಡಿ ತನ್ನ ಕಡೆಗೆ ಬೀಸಿದಳು.

ಇಲಿಮರಿ ಮಣಿಕಟ್ಟಿನ ಮೇಲೆ ಒಂದು ಸಲ ತಟ್ಟಿ, ಹಿಟ್ಟಿನ ತಟ್ಟೆ ತರಲು ಹೊರಟಳು.